ಮಕ್ಕಳ ಜೊತೆ ಕೆಮ್ಮಣ್ಣಿನ ಬಾಟಲಿ ದೀಪ ಮಾಡುವುದು ಹೀಗೆ

ಉಪ್ಪಿನಕಾಯಿ ಖಾಲಿಯಾದ ಗಾಜಿನ ಬಾಟಲಿಯನ್ನು ನಮ್ಮ ಮನೆಯಲ್ಲಿ ಯಾರೂ ಬಿಸಾಡುವ ಹಾಗಿಲ್ಲ. ಜಾಮಿನದು, ಹಾರ್ಲಿಕ್ಸಿನದು, ಜೇನುತುಪ್ಪದ್ದು ಎಲ್ಲವೂ ಅಟ್ಟ ಸೇರುತ್ತವೆ. ಭೂಮಿ ಹುಣ್ಣಿಮೆಯ ಮಾರನೇ ದಿನ ಅವನ್ನು ಕೆಳಗಿಳಿಸುತ್ತೇನೆ. ಅಲ್ಲಿಂದ ದೀಪಾವಳಿ ಅಮಾವಾಸ್ಯೆಗೆ ಹೆಚ್ಚುಕಡಿಮೆ 15 ದಿನ. ಅಷ್ಟು ದಿನ ಬೇಕೇ ಬೇಕು. ನಮ್ಮ ಕಡೆ ಆ ಹೊತ್ತಿಗೂ ಮಳೆ ಪೂರ್ತಿ ಹೋಗಿರುವುದಿಲ್ಲ. ಬಳಿದದ್ದು ಒಣಗಬೇಕಲ್ವಾ?

ನಾವಿರುವುದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ನಾನು ಹುಟ್ಟಿದ್ದು ಸೊರಬದ ಕಡೆಯ ಹಳ್ಳಿಯಲ್ಲಿ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಚಿತ್ತಾರ ಬರೆಯುತ್ತಾರೆ. ಮದುವೆಗೆ ಹಸೆಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ. ಚಿತ್ರ ಬಿಡಿಸುವುದು ಅನ್ನುವುದಿಲ್ಲ, ಚಿತ್ತಾರ ಬರೆಯುವುದು ಅನ್ನುತ್ತೇವೆ. ಅಜ್ಜಿ ಬಿದಿರಿನ ಬುಟ್ಟಿಗೆ ಮೊದಲು ಸಗಣಿ ಬಳಿಯುತ್ತಿದ್ದಳು. ಅದು ಒಣಗಿದ ಮೇಲೆ ಕೆಮ್ಮಣ್ಣು. ಕೆಮ್ಮಣ್ಣಿನ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳಿ ಗೆರೆ, ಪುಂಡಿ ನಾರಿನ ಕುಂಚದಲ್ಲಿ. ಕಪ್ಪು ಬೇಕೆಂದರೆ ಅದೇ ಅಕ್ಕಿಯನ್ನು ಕರ್ರಗೆ ಹುರಿದು ಅರೆಯುವುದು. ಹಳದಿಗೆ ಗುರಿಗೆ ಕಾಯಿ. ಬಣ್ಣ ನಾಲ್ಕೇ. ಹುಣ್ಣಿಮೆಯ ಬೆಳಗಿನ ಜಾವ ಆ ಬುಟ್ಟಿಯಲ್ಲಿ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗುವುದು. ತೆನೆ ತುಂಬಿದ ಭೂಮಿ ಬಸುರಿ ಹೆಂಗಸಿನ ಹಾಗೆ, ಅವಳಿಗೆ ಬಯಕೆ ಊಟ ಬಡಿಸಬೇಕು.

ಈಗ ನಮಗೆ ಗದ್ದೆ ಇಲ್ಲ. ಬುಟ್ಟಿ ಮಾತ್ರ ಇದೆ. ಮಕ್ಕಳಿಗೆ ಚಿತ್ತಾರ ತೋರಿಸಬೇಕು ಅನ್ನುವ ಆಸೆಯಿಂದ ಒಂದು ವರ್ಷ ಬಾಟಲಿಗಳಿಗೆ ಕೆಮ್ಮಣ್ಣು ಬಳಿಸಿ, ಅಕ್ಕಿಯ ಬಿಳಿಯಲ್ಲಿ ಗೆರೆ ಬರೆಸಿದೆ. ಹಗಲಿನಲ್ಲಿ ಎಷ್ಟು ಚಂದ ಕಂಡವು! ಸಂಜೆ ಒಳಗೆ ಮೊಂಬತ್ತಿ ಹಚ್ಚಿದರೆ ಎಲ್ಲ ಕತ್ತಲೆ. ಮಣ್ಣು ಬೆಳಕನ್ನು ಹೊರಗೆ ಬಿಡಲಿಲ್ಲ. ಬಾಯಿಯಲ್ಲಿ ಮಾತ್ರ ಒಂದಿಷ್ಟು ಬೆಳಕು. ಆದರೆ ಒಂದು ಬಾಟಲಿ ಬೇರೆಯಾಗಿತ್ತು. ಅಣ್ಣನ ಮಗ ಮಣ್ಣು ಹಸಿ ಇರುವಾಗಲೇ ಊದಿನಕಡ್ಡಿಯ ತುದಿಯಿಂದ ತನ್ನ ಹೆಸರು ಗೀಚಿದ್ದ. ಹಾಳು ಮಾಡಿದೆಯಲ್ಲೋ ಎಂದು ನಾನು ಗದರಿದ್ದೆ. ಸಂಜೆ ಅವನ ಹೆಸರು ಚಿನ್ನದ ಬಣ್ಣದಲ್ಲಿ ಉರಿಯುತ್ತಿತ್ತು. ಅವತ್ತಿನಿಂದ ನಾವು ಗೆರೆಯನ್ನು ಬಳಿಯುವುದಿಲ್ಲ, ಕೆರೆದು ತೆಗೆಯುತ್ತೇವೆ. ಅಕ್ಕಿಯ ಬಿಳಿ ಇರಬೇಕಾದ ಜಾಗದಲ್ಲಿ ಬೆಳಕು ಇರುತ್ತದೆ.

ಏನೇನು ಬೇಕು

ಬಾಟಲಿಗೆ ಅಗಲ ಬಾಯಿ ಇರಬೇಕು. ನಿಮ್ಮ ಕೈಯ ನಾಲ್ಕು ಬೆರಳು ಜೋಡಿಸಿ ಒಳಗೆ ಹೋಗುವಷ್ಟಾದರೂ. ಬಾಯಿ ಕಿರಿದಾದರೆ ಗಾಳಿ ಸಾಲದೆ ದೀಪ ಮಂಕಾಗುತ್ತದೆ, ಗಾಜಿಗೆ ಮಸಿ ಹಿಡಿಯುತ್ತದೆ, ಕತ್ತು ಜಾಸ್ತಿ ಕಾಯುತ್ತದೆ. ಎತ್ತರ 10ರಿಂದ 12 ಸೆಂಟಿಮೀಟರ್ ಇದ್ದರೆ ಸರಿ. ನೀರು ಕುಡಿಯುವ ತೆಳ್ಳನೆಯ ಲೋಟ ಬೇಡ. ಒಮ್ಮೆ ಲೋಟದಲ್ಲಿ ಹಚ್ಚಿಟ್ಟಿದ್ದೆ, ಅಡಿಯಲ್ಲಿ ಮರಳನ್ನೂ ಹಾಕಿರಲಿಲ್ಲ. ಮೇಣ ಕರಗಿ ತಳಕ್ಕೆ ಇಳಿಯುವ ಹೊತ್ತಿಗೆ ಟಪ್ ಎಂದು ಸೀಳಿತು. ಮಕ್ಕಳು ಮಾರು ದೂರದಲ್ಲಿದ್ದರು, ಏನೂ ಆಗಲಿಲ್ಲ. ಆದರೂ ಆ ಸದ್ದು ನನಗೆ ಈಗಲೂ ನೆನಪಿದೆ.

ಕೆಮ್ಮಣ್ಣು ನಮ್ಮಲ್ಲಿ ರಸ್ತೆಯ ಬದಿಯ ದರೆಯಲ್ಲೇ, ಅಂದರೆ ಕಡಿದ ಮಣ್ಣಿನ ದಿಬ್ಬದಲ್ಲೇ ಸಿಗುತ್ತದೆ. ಪೇಟೆಯವರು ಪೂಜಾ ಸಾಮಾನಿನ ಅಂಗಡಿಯಲ್ಲಿ ಕೇಳಿ. ರಂಗೋಲಿಗೆ ಬಳಸುವ ಕೆಮ್ಮಣ್ಣು ಕೊಡುತ್ತಾರೆ. ದರೆಯ ಮಣ್ಣಾದರೆ ಎರಡು ದಿನ ಬಿಸಿಲಿಗೆ ಹರಡಿ, ಕುಟ್ಟಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ. ಈ ಕೆಲಸವನ್ನು ಮಕ್ಕಳಿಗೇ ಬಿಡಿ. ಕುಟ್ಟುವುದೆಂದರೆ ಅವರಿಗೆ ಇಷ್ಟ. ಒಂದು ಕಲ್ಲಿನ ಹರಳು ಉಳಿದರೂ ಬಳಿಯುವಾಗ ಗಾಜಿನ ಮೇಲೆ ಗೀರು ಬೀಳುತ್ತದೆ, ಅದಕ್ಕೇ ಬಟ್ಟೆಯಲ್ಲಿ ಸೋಸುವುದು.

ಫೆವಿಕಾಲ್, ಅಗಲದ ಬ್ರಷ್ಷು, ನಾಲ್ಕೈದು ರಬ್ಬರ್ ಬ್ಯಾಂಡು, ಕಿವಿಗೆ ಹಾಕುವ ಹತ್ತಿಕಡ್ಡಿ, ಒಂದು ಹಿಡಿ ಅಕ್ಕಿ, ಚೆನ್ನಾಗಿ ಒಣಗಿದ ಮರಳು. ಉರಿದು ಉಳಿದ ಊದಿನಕಡ್ಡಿಗಳನ್ನು ದೇವರ ಮನೆಯಲ್ಲಿ ಒಂದು ತಿಂಗಳ ಮೊದಲೇ ಕೂಡಿಡಲು ಶುರು ಮಾಡಿ. ಅದು ಬಿದಿರು. ಗಟ್ಟಿಯೂ ಹೌದು, ಗಾಜನ್ನು ಕೆರೆಯುವುದೂ ಇಲ್ಲ, ಮಕ್ಕಳ ಕೈಗೆ ಚುಚ್ಚುವಷ್ಟು ಚೂಪೂ ಅಲ್ಲ. ಮೊಂಬತ್ತಿಗಳಲ್ಲಿ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಬರುವ ಪುಟ್ಟ ಟೀ ಲೈಟ್ ತನ್ನಿ. ಮೇಣ ಆ ಬಟ್ಟಲಲ್ಲೇ ಉಳಿಯುತ್ತದೆ. ಉದ್ದದ ಮೊಂಬತ್ತಿ ಬಾಟಲಿಯಲ್ಲಿ ವಾಲುತ್ತದೆ, ಜ್ವಾಲೆ ಗಾಜಿಗೆ ತಾಗುತ್ತದೆ.

ಬಾಟಲಿ ತೊಳೆಯುವುದು ಅರ್ಧ ಕೆಲಸ

ಲೇಬಲ್ ಇರುವ ಬಾಟಲಿಯನ್ನು ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಕಾಗದ ತಾನೇ ಕಳಚುತ್ತದೆ. ಅಂಟು ಉಳಿದರೆ ಕೊಬ್ಬರಿ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ತೆಂಗಿನ ನಾರಿನಲ್ಲಿ ಉಜ್ಜಿ. ಆಮೇಲೆ ಸೋಪಿನಲ್ಲಿ ಎರಡು ಸಲ ತೊಳೆಯಲೇಬೇಕು. ಎಣ್ಣೆಯ ಪಸೆ ಒಂದಿಷ್ಟು ಉಳಿದರೂ ಮಣ್ಣು ಅಲ್ಲಿ ನಿಲ್ಲುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಏಳುತ್ತದೆ. ಉಪ್ಪಿನಕಾಯಿ ಬಾಟಲಿಗಳಲ್ಲಿ ಈ ತೊಂದರೆ ಜಾಸ್ತಿ. ತೊಳೆದು ಒರೆಸಿದ ಮೇಲೆ ಹೊರಮೈಯನ್ನು ಬೆರಳಿನಲ್ಲಿ ಮುಟ್ಟಬೇಡಿ. ಮಕ್ಕಳ ಕೈಯಲ್ಲಿ ಚಕ್ಕುಲಿಯ ಎಣ್ಣೆ ಇದ್ದೇ ಇರುತ್ತದೆ.

ಹಾಗಾದರೆ ಹಿಡಿಯುವುದು ಹೇಗೆ? ಎಡಗೈಯನ್ನು ಬಾಟಲಿಯ ಒಳಗೆ ತೂರಿಸಿ, ಕೈಗವಸಿನ ಹಾಗೆ. ಬಲಗೈಯಲ್ಲಿ ಬಳಿಯುವುದು. ಮಗುವಿನ ಕೈ ಅಗಲ ಬಾಯಿಯ ಬಾಟಲಿಯೊಳಗೆ ಸಲೀಸಾಗಿ ಹೋಗುತ್ತದೆ. ತಿರುಗಿಸುವುದೂ ಸುಲಭ. ಗಾಜಿನ ಬಾಯಿ ಒಡೆದಿಲ್ಲ, ಚೂಪಾಗಿಲ್ಲ ಎಂದು ನೀವು ಮೊದಲು ಬೆರಳಾಡಿಸಿ ನೋಡಿಕೊಂಡಿರಬೇಕು.

ಬಳಿಯುವುದು

ಎರಡು ಬಾಟಲಿಗೆ ನಾಲ್ಕು ದೊಡ್ಡ ಚಮಚ ಸೋಸಿದ ಮಣ್ಣು, ಎರಡು ಚಮಚ ಫೆವಿಕಾಲ್, ಎರಡು ಚಮಚ ನೀರು. ಕಲಸಿ ನೋಡಿ. ದೋಸೆ ಹಿಟ್ಟಿನ ಹದ ಬರಬೇಕು. ಕಡಿಮೆ ಬಿದ್ದರೆ ನೀರನ್ನು ಹನಿಹನಿಯಾಗಿ ಸೇರಿಸಿ. ಪ್ರತಿ ಊರಿನ ಮಣ್ಣೂ ಬೇರೆ, ನೀರು ಕುಡಿಯುವುದೂ ಬೇರೆ.

ಬಳಿಯುವ ಮುಂಚೆ ರಬ್ಬರ್ ಬ್ಯಾಂಡುಗಳನ್ನು ಬಾಟಲಿಗೆ ಹಾಕಿ. ಒಂದು ಬುಡದ ಹತ್ತಿರ, ಒಂದು ಮೇಲೆ, ಬೇಕಿದ್ದರೆ ನಡುವೆ ಒಂದು. ಅವುಗಳ ಮೇಲೆಯೇ ಮಣ್ಣು ಬಳಿಯುವುದು. ಆಮೇಲೆ ಬ್ಯಾಂಡು ತೆಗೆದಾಗ ಸುತ್ತಲೂ ನೇರವಾದ ಬೆಳಕಿನ ಗೆರೆ ತಾನಾಗಿ ಸಿಗುತ್ತದೆ. ಆರು ವರ್ಷದ ಮಗು ಎಷ್ಟೇ ಕಷ್ಟಪಟ್ಟರೂ ದುಂಡನೆಯ ಬಾಟಲಿಯ ಮೇಲೆ ನೇರ ಗೆರೆ ಎಳೆಯಲಾರದು. ಈ ಎರಡು ಗೆರೆ ಸರಿಯಾಗಿ ಬಂದರೆ ನಡುವೆ ಏನು ಬರೆದರೂ ಒಪ್ಪುತ್ತದೆ. ಬುಟ್ಟಿಯಲ್ಲೂ ಹೀಗೇ. ಅಜ್ಜಿ ಮೊದಲು ಅಂಚಿನ ಗೆರೆ ಹಾಕಿಕೊಂಡೇ ಒಳಗಿನದನ್ನು ತುಂಬುತ್ತಿದ್ದಳು.

ಬಾಯಿಯಿಂದ ಕೆಳಗೆ ಎರಡು ಬೆರಳಿನಷ್ಟು ಗಾಜನ್ನು ಹಾಗೇ ಬಿಡಿ. ಬಿಸಿ ಮೇಲಕ್ಕೇ ಏರುವುದರಿಂದ ಕತ್ತಿನ ಭಾಗ ಹೆಚ್ಚು ಕಾಯುತ್ತದೆ, ಅಲ್ಲಿ ಫೆವಿಕಾಲ್ ಮೆತ್ತಗಾಗಿ ವಾಸನೆ ಬರುತ್ತದೆ. ಒಳಮೈಗೂ ಏನೂ ಬಳಿಯಬಾರದು.

ಒಂದೇ ಸಲ ದಪ್ಪಗೆ ಬಳಿದರೆ ಬಿರುಕು ಬಿಡುತ್ತದೆ, ಬೇಸಿಗೆಯ ಕೆರೆಯ ಹಾಗೆ. ತೆಳ್ಳಗೆ ಒಂದು ಸಲ ಬಳಿದು, ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ಬಳಿಯಿರಿ. ಮೊದಲ ಸಲ ಗಾಜು ಅಲ್ಲಲ್ಲಿ ಇಣುಕುತ್ತದೆ. ಮಕ್ಕಳಿಗೆ ತಡೆಯುವುದಿಲ್ಲ, ಮತ್ತೆ ಬ್ರಷ್ಷು ಅದ್ದುತ್ತಾರೆ. ಆಗ ಅವರನ್ನು ಅಕ್ಕಿ ನೋಡಲು ಕಳಿಸಿ.

ಅಕ್ಕಿಯನ್ನು ಬೆಳಿಗ್ಗೆಯೇ ನೆನೆ ಹಾಕಿರಬೇಕು. ನಾಲ್ಕೈದು ಗಂಟೆ ನೆಂದ ಅಕ್ಕಿಯನ್ನು ಒಂದೆರಡು ಚಮಚ ನೀರು ಬಿಟ್ಟು ನುಣ್ಣಗೆ ಅರೆಯಿರಿ. ಬೆರಳಿನ ನಡುವೆ ತಿಕ್ಕಿದರೆ ಒಂದು ರವೆಯೂ ಸಿಗಬಾರದು. ಅದಕ್ಕೆ ಅರ್ಧ ಚಮಚ ಫೆವಿಕಾಲ್ ಬೆರೆಸಿ. ಬೆರೆಸಿದ ಬಟ್ಟಲನ್ನು ಅಡುಗೆಮನೆಯಿಂದ ದೂರ ಇಡಿ, ಅದು ಹಿಟ್ಟಿನ ಹಾಗೇ ಕಾಣುತ್ತದೆ. ಆವತ್ತಿನದನ್ನು ಆವತ್ತೇ ಮುಗಿಸಿ. ನಮ್ಮ ಥಂಡಿಗೆ ಅಕ್ಕಿ ಹಿಟ್ಟು ಬೇಗ ಬೂಸು ಹಿಡಿಯುತ್ತದೆ.

ಗೆರೆ ಬರೆಯುವ ಹೊತ್ತು

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಎರಡನೇ ಸಲ ಬಳಿದ ಮೇಲೆ ಬಿಸಿಲಿದ್ದರೆ 40 ನಿಮಿಷ ಸಾಕು. ಮೋಡವಿದ್ದರೆ ಎರಡು ಗಂಟೆಯೂ ಆಗಬಹುದು. ಗಡಿಯಾರ ನಂಬಬೇಡಿ. ಬುಡದ ಕಡೆ ಕಡ್ಡಿಯಿಂದ ಒಂದು ಸಣ್ಣ ಗೆರೆ ಎಳೆದು ನೋಡಿ. ಮಣ್ಣು ಕಡ್ಡಿಗೆ ಮೆತ್ತಿಕೊಂಡು ಗೆರೆ ಮತ್ತೆ ಮುಚ್ಚಿಕೊಂಡರೆ ಇನ್ನೂ ಹಸಿ. ಮಣ್ಣು ಸಣ್ಣ ಸುರುಳಿಯಾಗಿ ಎದ್ದು ಗಾಜು ಸ್ವಚ್ಛವಾಗಿ ಕಂಡರೆ ಅದೇ ಹದ. ಚಕ್ಕೆಚಕ್ಕೆಯಾಗಿ ಉದುರಿದರೆ ತಡವಾಗಿದೆ. ಆಗ ಒದ್ದೆ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಮತ್ತೆ ಮೆತ್ತಗಾಗುತ್ತದೆ. ಈ ಪರೀಕ್ಷೆಯನ್ನು ಮಕ್ಕಳಿಂದಲೇ ಮಾಡಿಸಿ. ತಂಗಿಯ ಮಗಳು ಎರಡನೇ ವರ್ಷಕ್ಕೆ ನನಗಿಂತ ಚೆನ್ನಾಗಿ ಹದ ಹಿಡಿದಳು. "ಈಗ ಸುರುಳಿ ಬಂತು ದೊಡ್ಡಮ್ಮ" ಎಂದು ಕೂಗುತ್ತಾಳೆ. ಅವಳು ಕೂಗಿದರೆ ನಾನು ಹೊಲಿಗೆ ಮಷಿನ್ ನಿಲ್ಲಿಸಿ ಏಳುತ್ತೇನೆ.

ಮೊದಲು ರಬ್ಬರ್ ಬ್ಯಾಂಡು ತೆಗೆಯಿರಿ. ಎಳೆದು ಟಪ್ಪನೆ ಬಿಡಬೇಡಿ, ಅಂಚು ಕಿತ್ತು ಬರುತ್ತದೆ. ಒಂದು ಕಡೆ ಕತ್ತರಿಯಲ್ಲಿ ಕತ್ತರಿಸಿ ಮೆಲ್ಲಗೆ ಬಿಡಿಸಿ.

ಇನ್ನು ಸುತ್ತಳತೆಯನ್ನು ಸಮನಾಗಿ ಪಾಲು ಮಾಡಬೇಕು. ಬಾಟಲಿಯ ಸುತ್ತ ಬರುವಷ್ಟು ಉದ್ದದ ಕಾಗದದ ಪಟ್ಟಿ ಕತ್ತರಿಸಿ. ಒಮ್ಮೆ ಮಡಚಿದರೆ ಎರಡು ಪಾಲು, ಇನ್ನೊಮ್ಮೆ ಮಡಚಿದರೆ ನಾಲ್ಕು, ಮತ್ತೊಮ್ಮೆ ಮಡಚಿದರೆ ಎಂಟು. ಪಟ್ಟಿಯನ್ನು ಬಿಡಿಸಿ ಬಾಟಲಿಯ ಬುಡಕ್ಕೆ ಸುತ್ತಿ, ಪ್ರತಿ ಮಡಿಕೆಯ ಎದುರು ಒಂದು ಚುಕ್ಕೆ ಕೆರೆಯಿರಿ. ಚುಕ್ಕೆಯಿಂದ ಚುಕ್ಕೆಗೆ ತ್ರಿಕೋನ ಹಾಕಿದರೆ ಕೊನೆಯ ತ್ರಿಕೋನ ಮೊದಲನೆಯದಕ್ಕೆ ಸರಿಯಾಗಿ ಕೂಡುತ್ತದೆ. ಅದು ಕೂಡಿದಾಗ ಮಕ್ಕಳ ಮುಖ ನೋಡಬೇಕು.

ಚಿತ್ತಾರದಲ್ಲಿ ಹೂವು ಬಳ್ಳಿ ಎಂದು ತೇಲುವ ಗೆರೆಗಳು ಕಡಿಮೆ. ನೇರ ಗೆರೆ, ಓರೆ ಗೆರೆ, ಚೌಕ, ತ್ರಿಕೋನ. ಎರಡು ಗೆರೆ ಜೊತೆಯಾಗಿ ಹೋಗುತ್ತವೆ, ನಡುವೆ ಅಡ್ಡ ಗೆರೆಗಳನ್ನು ಒತ್ತೊತ್ತಾಗಿ ತುಂಬುತ್ತಾರೆ. ಸಣ್ಣವರಿಗೆ ತ್ರಿಕೋನದ ಸಾಲು ಸಾಕು. ಒಂಬತ್ತು ಹತ್ತು ವರ್ಷದವರಿಗೆ ತ್ರಿಕೋನದೊಳಗೆ ಓರೆ ಗೆರೆ ತುಂಬಲು ಹೇಳಿ. ಗೆರೆ ಒತ್ತಾದಷ್ಟೂ ರಾತ್ರಿ ಬೆಳಕು ಜಾಲರಿಯಂತೆ ಗೋಡೆಗೆ ಬೀಳುತ್ತದೆ. ಅಣ್ಣನ ಮಗ ಬಾಸಿಂಗ ಬರೆಯಲು ಹೋಗಿ ಎರಡು ಸಲ ಬಿಟ್ಟ, ಮೂರನೇ ಸಲ ಬಂತು. ಮೊದಲೆರಡು ಬಾಟಲಿಗಳನ್ನು ತೊಳೆಯಲು ಅವನೇ ಒಪ್ಪಲಿಲ್ಲ. ಅವೂ ಸಾಲಿನಲ್ಲಿ ಉರಿದವು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮಗು ಬರೆದ ಗೆರೆಯನ್ನು ನೀವು ತಿದ್ದಬೇಡಿ. ತಿದ್ದಬೇಕೆಂದು ಕೈ ತುರಿಸಿದರೆ ನಿಮಗೇ ಒಂದು ಬಾಟಲಿ ಇಟ್ಟುಕೊಳ್ಳಿ. ನನ್ನ ಅಜ್ಜಿ ನನಗೆ ಬುಟ್ಟಿಯ ಒಂದು ಪಟ್ಟಿ ಬಿಟ್ಟುಕೊಡುತ್ತಿದ್ದಳು. ನಾನು ಅಲ್ಲಿ ಏನು ಬರೆದರೂ ಅದೇ ಬುಟ್ಟಿ ಗದ್ದೆಗೆ ಹೋಗುತ್ತಿತ್ತು. ಅದರಿಂದಲೇ ನಾನು ಕಲಿತೆ. ಯಾರಾದರೂ ಅದರ ಮೇಲೆ ಮತ್ತೆ ಬಳಿದಿದ್ದರೆ ನಾನು ಮುಂದಿನ ವರ್ಷ ಕುಂಚ ಹಿಡಿಯುತ್ತಿರಲಿಲ್ಲ.

ಗೆರೆ ಮುಗಿದ ಮೇಲೆ ಹತ್ತಿಕಡ್ಡಿಯನ್ನು ಅಕ್ಕಿಯ ಬಿಳಿಯಲ್ಲಿ ಅದ್ದಿ ಖಾಲಿ ಜಾಗದಲ್ಲಿ ಚುಕ್ಕೆ ಇಡಿಸಿ. ಈ ಬಿಳಿ ಹಗಲಿಗೆ, ಆ ಗೆರೆ ರಾತ್ರಿಗೆ. ನಂತರ ಎರಡು ದಿನ ಮುಟ್ಟದೆ ನೆರಳಿನಲ್ಲಿ ಒಣಗಲು ಬಿಡಿ. ಮಳೆ ಹಿಡಿದಿದ್ದರೆ ನಾವು ಒಲೆಯ ಹಿಂದಿನ ಕಟ್ಟೆಯ ಮೇಲೆ ಇಡುತ್ತೇವೆ.

ತೀರಾ ಸಣ್ಣವರಿಗೆ

ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗನಿಗೆ ಕಾಯುವುದು ಆಗುವುದಿಲ್ಲ. ಅವನಿಗೆ ಬಾಳೆಕಂಬದ ತುಂಡು. ಗೊನೆ ಕಡಿದ ಬಾಳೆಯನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ ನಿಲ್ಲಿಸಿ. ಕತ್ತರಿಸುವುದು ದೊಡ್ಡವರೇ. ಮೇಲುಭಾಗದ ನಡುವೆ ಟೀ ಲೈಟ್ ಕೂರುವಷ್ಟು ಚಮಚದಲ್ಲಿ ಕೆರೆದು ಕುಳಿ ಮಾಡಿ. ಸುತ್ತ ಚೆಂಡುಹೂವಿನ ಎಸಳುಗಳನ್ನು ತೆಂಗಿನ ಹಿಡಿಕಡ್ಡಿಯ ಚೂರಿನಿಂದ ಚುಚ್ಚಲು ಕೊಡಿ. ಬಾಳೆಯ ತುಂಬ ನೀರು ಇರುವುದರಿಂದ ಸುಡುವುದಿಲ್ಲ, ಭಾರ ಇರುವುದರಿಂದ ಉರುಳುವುದೂ ಕಷ್ಟ. ಎರಡು ದಿನಕ್ಕೆ ಕಪ್ಪಾಗುತ್ತದೆ, ದನಕ್ಕೆ ಹಾಕುವ ಮುಂಚೆ ಕಡ್ಡಿಗಳನ್ನೆಲ್ಲ ಕಿತ್ತುಬಿಡಿ. ಬಾಳೆಯ ಸೊನೆ ಬಟ್ಟೆಗೆ ತಾಗಿದರೆ ಆ ಕರೆ ಹೋಗುವುದೇ ಇಲ್ಲ. ಹಳೆಯ ಅಂಗಿ ಹಾಕಿ ಕೂರಿಸಿ.

ಹಚ್ಚುವುದು

ಬೆಂಕಿಯ ಕೆಲಸ ಪೂರ್ತಿ ದೊಡ್ಡವರದು. ಇದರಲ್ಲಿ ನಾನು ಯಾರ ಹಠಕ್ಕೂ ಬಗ್ಗುವುದಿಲ್ಲ.

ಬಾಟಲಿಯ ತಳಕ್ಕೆ ಎರಡು ಬೆರಳಷ್ಟು ಮರಳು ಹಾಕಿ. ಇದು ಮಕ್ಕಳು ಹಾಕಬಹುದು. ಮರಳು ಬಿಸಿಯನ್ನು ತಳದ ಗಾಜಿಗೆ ತಲುಪಲು ಬಿಡುವುದಿಲ್ಲ, ದೀಪವನ್ನು ಅಲುಗದಂತೆ ಹಿಡಿಯುತ್ತದೆ, ಗಾಳಿಗೆ ಬಾಟಲಿಯೂ ಬೀಳುವುದಿಲ್ಲ. ಒದ್ದೆ ಮರಳಾದರೆ ಗಾಜಿನ ಒಳಗೆ ಹಬೆ ಕಟ್ಟಿ ಗೆರೆಗಳು ಮಸುಕಾಗುತ್ತವೆ. ಮರಳಿನ ಬದಲು ಅಕ್ಕಿ, ಬೇಳೆ, ಒಣಗಿದ ಹೂವು ಹಾಕಬೇಡಿ, ಅವು ಹೊತ್ತಿಕೊಳ್ಳುತ್ತವೆ. ಟೀ ಲೈಟನ್ನು ಹೊರಗೇ ಹಚ್ಚಿ, ಅಡುಗೆಯ ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಒಳಗೆ ಇಳಿಸಿ. ಬಾಟಲಿಯೊಳಗೆ ಕಡ್ಡಿ ಗೀರಿದರೆ ಬೆರಳು ಸುಡುವುದು ಖಂಡಿತ.

ಬಾಟಲಿಗಳ ನಡುವೆ ಒಂದು ಗೇಣು ಜಾಗ ಬಿಡಿ. ಮಾವಿನ ತೋರಣದ ಕೆಳಗೆ, ಪರದೆಯ ಹತ್ತಿರ, ಪಟಾಕಿ ಹೊಡೆಯುವ ಕಡೆ ಇಡಬೇಡಿ. ನಾವು ಅಂಗಳದ ತುಳಸಿಕಟ್ಟೆಯ ಸುತ್ತ, ಜಗಲಿಯ ಅಂಚಿನಲ್ಲಿ ಇಡುತ್ತೇವೆ. ಮಕ್ಕಳಿಗೆ ಹತ್ತಿಯ ಬಟ್ಟೆ ಹಾಕಿ, ಉದ್ದ ಕೂದಲಿದ್ದರೆ ಜಡೆ ಕಟ್ಟಿ. ನೈಲಾನ್ ಲಂಗಕ್ಕೆ ಕಿಡಿ ತಾಗಿದರೆ ಕರಗಿ ಮೈಗೇ ಅಂಟುತ್ತದೆ. ಒಂದು ಬಕೆಟ್ ನೀರು ಜಗಲಿಯಲ್ಲೇ ಇರಲಿ. ಸುಟ್ಟರೆ ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಬೆಣ್ಣೆ, ಇಂಕು ಏನೂ ಹಚ್ಚಬಾರದು. ಬೊಬ್ಬೆ ಬಂದರೆ ಒಡೆಯದೆ ಡಾಕ್ಟರಿಗೆ ತೋರಿಸಿ.

ಆರಿಸುವಾಗ ಊದಬೇಡಿ, ಬಿಸಿ ಮೇಣ ಮುಖಕ್ಕೆ ಸಿಡಿಯುತ್ತದೆ. ಬಾಯಿಯ ಮೇಲೆ ಸ್ಟೀಲಿನ ತಟ್ಟೆ ಮುಚ್ಚಿದರೆ ತಾನೇ ಆರುತ್ತದೆ. ಬಾಟಲಿ ಮುಟ್ಟಲು ಅರ್ಧ ಗಂಟೆ ಕಾಯಿರಿ. ಮಲಗುವ ಮುಂಚೆ ಎಲ್ಲವನ್ನೂ ಆರಿಸಿ, ಎಣಿಸಿ.

ಹಬ್ಬ ಮುಗಿದ ಮೇಲೆ

ದೀಪಾವಳಿಗೆ ಮಾಡಿದ್ದು ತುಳಸಿ ಪೂಜೆಗೂ ಆಗುತ್ತದೆ. ಬಲಿಪಾಡ್ಯಮಿಯಿಂದ ಎಣಿಸಿದರೆ ಕಾರ್ತಿಕ ಶುದ್ಧ ದ್ವಾದಶಿ ಹನ್ನೊಂದು ದಿನಕ್ಕೆ ಬರುತ್ತದೆ. ಮಳೆಗೆ ಮಾತ್ರ ಸಿಕ್ಕಬಾರದು. ಕೆಮ್ಮಣ್ಣು ಕರಗಿ ಕಟ್ಟೆಯೆಲ್ಲ ಕೆಂಪಾಗುತ್ತದೆ. ನಮ್ಮ ಕೇರಿಯ ಕ್ರಿಶ್ಚಿಯನ್ ಮನೆಯ ಹುಡುಗಿ ಹೋದ ವರ್ಷ ನಮ್ಮ ಜೊತೆ ಕೂತು ನಕ್ಷತ್ರ ಕೆರೆದಳು. ಎಂಟು ಪಾಲಿನ ಪಟ್ಟಿಯಿಂದ ಎಂಟು ಮೂಲೆಯ ನಕ್ಷತ್ರ. ಡಿಸೆಂಬರಿನಲ್ಲಿ ಅವರ ಗೋದಲಿಯ, ಅಂದರೆ ಕ್ರಿಸ್‌ಮಸ್ಸಿಗೆ ಕಟ್ಟುವ ಹುಲ್ಲಿನ ಕೊಟ್ಟಿಗೆಯ ಪಕ್ಕ ಅದು ಉರಿಯುತ್ತಿತ್ತು. ಹುಲ್ಲಿನಿಂದ ಎರಡು ಮೊಳ ದೂರ ಇಡಿಸಿ ಬಂದೆ.

ಮೇಣ ಚೆಲ್ಲಿ ಗಾಜಿಗೆ ಹಿಡಿದಿದ್ದರೆ ಮರಳು ತೆಗೆದು ಬಾಟಲಿಯನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಮೇಣ ಕುಗ್ಗಿ ಚಮಚದ ಹಿಂಬದಿಯಿಂದ ತಟ್ಟಿದರೆ ಏಳುತ್ತದೆ. ಕೆಮ್ಮಣ್ಣು ತೆಗೆಯಬೇಕೆಂದರೆ ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಪದರವೇ ಕಳಚಿ ಬರುತ್ತದೆ. ತೊಳೆಯುವ ಮುಂಚೆ ಬರೆದವರನ್ನು ಕೇಳಿ. ಬೇಡ ಅಂದರೆ ಪೇಪರಿನಲ್ಲಿ ಸುತ್ತಿ, ಮುಚ್ಚಳ ಹಾಕದೆ, ಒಣಗಿದ ಜಾಗದಲ್ಲಿ ಇಡಿ.